ಬೈರಕುಪ್ಪೆ ಕಡವಿನಲ್ಲಿ ದೋಣಿ ನಿಂತಿದ್ದಾಗ

ಮೊದಲು ನಿಮ್ಮ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ. ಕೊರೊನಾ ಸಮಯದಲ್ಲಿ ಖಾಸಗಿ ದೋಣಿಯಲ್ಲಿ ಹೊಳೆ ದಾಟಿ ಕೇರಳದಿಂದ ಬಂದವರಿಗೂ ನೆಗೆಟಿವ್ ರಿಪೋರ್ಟ್ ಬೇಕಿತ್ತಾ ಅಂತ ಕೇಳಿದ್ದೀರಿ. ಬೇಕಿತ್ತು. ಯಾವ ಗಾಡಿಯಲ್ಲಿ ಬಂದಿರಿ ಅನ್ನುವುದು ಲೆಕ್ಕಕ್ಕೆ ಇರಲಿಲ್ಲ, ಎಲ್ಲಿಂದ ಬಂದಿರಿ ಅನ್ನುವುದೇ ಲೆಕ್ಕ. ಆದರೆ ಇಷ್ಟು ಹೇಳಿ ಸುಮ್ಮನಾದರೆ ನಿಮಗೆ ನಮ್ಮ ಕಡವು, ಅಂದರೆ ದೋಣಿ ಹತ್ತಿ ಹೊಳೆ ದಾಟುವ ಜಾಗ, ಅರ್ಥ ಆಗುವುದಿಲ್ಲ. ದೋಣಿಯಲ್ಲಿ ಗಡಿ ದಾಟೋದು ಅಂದರೆ ಏನೋ ಕಳ್ಳದಾರಿ ಅಂತ ನೀವು ಅಂದುಕೊಂಡ ಹಾಗೆ ಕಾಣುತ್ತೆ. ನಮಗೆ ಅದು ದಿನದ ಬಸ್ಸು ಇದ್ದ ಹಾಗೆ.

ನಮ್ಮೂರು ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಕೊಟ್ಟಕೊನೆಯಲ್ಲಿದೆ. ಕಾಗದದಲ್ಲಿ ಡಿ.ಬಿ. ಕುಪ್ಪೆ, ಅಂದರೆ ದೊಡ್ಡ ಬೈರನಕುಪ್ಪೆ. ಬಾಯಿಮಾತಲ್ಲಿ ಬೈರಕುಪ್ಪೆ. ಹಿಂದೆ ನಾಗರಹೊಳೆ ಕಾಡು, ಮುಂದೆ ಕಬಿನಿ. ವಯನಾಡಿನಲ್ಲಿ ಹುಟ್ಟಿ ಪೂರ್ವಕ್ಕೆ ಹರಿದು ಬರುವ ಈ ಹೊಳೆ ನಮ್ಮೂರ ಹತ್ತಿರ ಸ್ವಲ್ಪ ದೂರ ಎರಡು ರಾಜ್ಯಗಳ ನಡುವಿನ ಗೆರೆಯಾಗಿ ಹರಿಯುತ್ತೆ. ಆಮೇಲೆ ಬೀಚನಹಳ್ಳಿ ಅಣೆಕಟ್ಟು ಸೇರಿ, ಟಿ. ನರಸೀಪುರದಲ್ಲಿ ಕಾವೇರಿಗೆ ಕೂಡುತ್ತೆ. ಮೈಸೂರಿನವರಿಗೆ ಕಬಿನಿ ಅಂದರೆ ಹಿನ್ನೀರು, ಸಫಾರಿ. ನಮಗೆ ಕಬಿನಿ ಅಂದರೆ ಆಚೆ ದಡದ ಕೇರಳದ ಪೆರಿಕ್ಕಲ್ಲೂರಿಗೆ ಹೋಗುವ ದಾರಿ.

ಈಗ ದೂರ ನೋಡಿ. ನಮ್ಮ ತಾಲ್ಲೂಕು ಆಫೀಸು, ತಾಲ್ಲೂಕು ಆಸ್ಪತ್ರೆ ಎಲ್ಲಾ ಇರುವ ಎಚ್.ಡಿ. ಕೋಟೆಗೆ 50 ಕಿಲೋಮೀಟರ್ ಮೇಲಾಗುತ್ತೆ. ಅದರಲ್ಲಿ ಜಾಸ್ತಿ ಪಾಲು ಹುಲಿ ಸಂರಕ್ಷಿತ ಕಾಡು. ಮೈಸೂರು–ಮಾನಂದವಾಡಿ ರಸ್ತೆಯಲ್ಲಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಗಾಡಿ ಬಿಡುವುದಿಲ್ಲ. ಹೊಳೆ ದಾಟಲು ಐದು ನಿಮಿಷ. ಆಚೆ ದಡದಲ್ಲಿ ಪೆರಿಕ್ಕಲ್ಲೂರು, ಅಲ್ಲಿಂದ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿಗೆ ಪುಲ್ಪಳ್ಳಿ. ಡಾಕ್ಟರು, ಮೆಡಿಕಲ್ ಶಾಪು, ಬಟ್ಟೆ ಅಂಗಡಿ, ಮೊಬೈಲ್ ರಿಪೇರಿ ಎಲ್ಲಾ ಅಲ್ಲಿ. ನಮ್ಮ ಕಡೆಯ ಕೆಲವು ಮಕ್ಕಳು ದೋಣಿಯಲ್ಲೇ ಆಚೆ ಶಾಲೆಗೆ ಹೋಗುತ್ತಾರೆ. ಆಚೆಯ ರೈತರು ಈಚೆ ಬಂದು ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಹಾಕುತ್ತಾರೆ. ಹಾಡಿಯ, ಅಂದರೆ ಬುಡಕಟ್ಟಿನವರ ಕೇರಿಯ, ಜನ ಆಚೆ ತೋಟಗಳಿಗೆ ಕಾಫಿ, ಮೆಣಸು ಕುಯ್ಯಲು ಹೋಗುತ್ತಾರೆ. ಇಲ್ಲಿಯ ಜೇನುಕುರುಬರಿಗೂ ಅಲ್ಲಿ ಕಾಟ್ಟುನಾಯ್ಕರ್ ಅನ್ನಿಸಿಕೊಳ್ಳುವವರಿಗೂ ನೆಂಟಸ್ತಿಕೆ ಇದೆ. ಮದುವೆ, ತಿಥಿ, ಹಬ್ಬ ಯಾವುದಕ್ಕೂ ಗೆರೆ ಇಲ್ಲ. ಸಂತೆಗೆ ಬಂದವರು ಅರ್ಧ ಕನ್ನಡ ಅರ್ಧ ಮಲಯಾಳದಲ್ಲಿ ಚೌಕಾಸಿ ಮಾಡುತ್ತಾರೆ, ಯಾರಿಗೂ ಅದು ವಿಶೇಷ ಅನ್ನಿಸುವುದಿಲ್ಲ.

ದೋಣಿ ಅಂದರೆ ದೊಡ್ಡ ಬೋಟು ಅಂತ ಕಲ್ಪಿಸಿಕೊಳ್ಳಬೇಡಿ. ಉದ್ದನೆಯ, ಕಿರಿದಾದ ದೋಣಿ. ಅಡ್ಡ ಹಲಗೆ ಮೇಲೆ ಒಬ್ಬರ ಹಿಂದೆ ಒಬ್ಬರು ಕೂರಬೇಕು, ಎದ್ದು ನಿಲ್ಲಬಾರದು. ತಳದಲ್ಲಿ ಯಾವಾಗಲೂ ಒಂದಿಷ್ಟು ನೀರು ಇರುತ್ತೆ, ಅದನ್ನು ಎತ್ತಿ ಹಾಕಲು ಅರ್ಧ ಕತ್ತರಿಸಿದ ಪ್ಲಾಸ್ಟಿಕ್ ಕ್ಯಾನು. ನೀರು ಕಮ್ಮಿ ಇದ್ದಾಗ ಬಿದಿರಿನ ಗಳ ಊರಿಕೊಂಡು ತಳ್ಳುತ್ತಾರೆ, ಜಾಸ್ತಿ ಇದ್ದಾಗ ಹುಟ್ಟು ಹಾಕುತ್ತಾರೆ. ದೋಣಿ ಆಚೆ ದಡದಲ್ಲಿದ್ದರೆ ನಾವು ಇಲ್ಲಿ ನಿಂತು "ಕೂಯ್" ಅಂತ ಉದ್ದಕ್ಕೆ ಕೂಗು ಹಾಕುತ್ತೇವೆ. ಅಷ್ಟೇ, ಬರುತ್ತೆ. ನಾನು ಸಣ್ಣವಳಿದ್ದಾಗಿಂದ ಕೇಳಿದ ಕೂಗು ಅದು, ಮಲಗಿದ್ದರೂ ಇದು ಯಾರ ಕೂಗು ಅಂತ ಹೇಳಬಲ್ಲೆ.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾಯಿತಲ್ವಾ, ಆ ಹೊತ್ತಿಗೆ ಕಡವು ನಿಂತುಹೋಯಿತು. ದೋಣಿಗಳನ್ನು ದಡಕ್ಕೆ ಎಳೆಸಿ, ಮರಕ್ಕೆ ಸರಪಳಿ ಹಾಕಿ ಬಿಗಿಸಿದರು. ರಸ್ತೆಯಲ್ಲಿ ಬಾವಲಿ ಚೆಕ್‌ಪೋಸ್ಟೂ ಬಂದ್. ಆ ದಿನಗಳಲ್ಲಿ ಗಡಿಯುದ್ದಕ್ಕೂ ಹೀಗೇ ಇತ್ತು. ಕೊಡಗಿನ ಮಾಕುಟ್ಟ ರಸ್ತೆಗೆ ಮಣ್ಣು ಸುರಿದರು. ತಲಪಾಡಿಯಲ್ಲಿ ಕಾಸರಗೋಡಿನ ರೋಗಿಗಳನ್ನು ಮಂಗಳೂರಿಗೆ ಬಿಡದೆ ಜಗಳ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಅವರಲ್ಲಿ ನಮ್ಮದೇ ಭಾಷೆ ಮಾತಾಡುವವರು ಎಷ್ಟೋ ಜನ. ಅಲ್ಲಿ ಆಸ್ಪತ್ರೆ ನಮ್ಮ ಕಡೆ, ರೋಗಿ ಅವರ ಕಡೆ. ಬೈರಕುಪ್ಪೆಯಲ್ಲಿ ತಿರುಗಾಮುರುಗಾ. ರೋಗಿ ನಮ್ಮ ಕಡೆ, ಆಸ್ಪತ್ರೆ ಅವರ ಕಡೆ. ಬೈರಕುಪ್ಪೆಯಿಂದ ಬರುವವರಿಗೆ ವಯನಾಡಿನಲ್ಲಿ ಚಿಕಿತ್ಸೆ ಕೊಡುತ್ತೇವೆ ಅಂತ ಕೇರಳದ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಆಗಲೇ ಹೇಳಿದ್ದರು. ಅದನ್ನು ನಮ್ಮೂರಿನವರು ಇವತ್ತಿಗೂ ನೆನೆಸುತ್ತಾರೆ. ಆದರೆ ಚಿಕಿತ್ಸೆ ಕೊಡುತ್ತೇವೆ ಅಂದರೂ ಅಲ್ಲಿಗೆ ಹೋಗುವುದು ಹೇಗೆ? ತೀರಾ ಸೀರಿಯಸ್ ಆದವರನ್ನು ಕೇಳಿ ಬೇಡಿ ಸಾಗಿಸಬಹುದಿತ್ತು. ದಿನಾ ಮಾತ್ರೆ ನುಂಗಿ ಬದುಕುವವರು ಸೀರಿಯಸ್ ಲೆಕ್ಕಕ್ಕೆ ಬರುತ್ತಿರಲಿಲ್ಲ.

ನನ್ನ ಅವ್ವ ಅಂಥವರು. ಬಿ.ಪಿ., ಶುಗರ್ ಎರಡೂ ಇದೆ. ವರ್ಷಗಳಿಂದ ಪುಲ್ಪಳ್ಳಿ ಡಾಕ್ಟರ ಚೀಟಿ, ಪುಲ್ಪಳ್ಳಿಯದೇ ಮಾತ್ರೆ. ಏಪ್ರಿಲ್ ಎರಡನೇ ವಾರಕ್ಕೆ ಡಬ್ಬಿಯಲ್ಲಿ ನಾಲ್ಕು ಮಾತ್ರೆ ಉಳಿದವು. ಅವ್ವ ಯಾರಿಗೂ ಹೇಳದೆ ಮಾತ್ರೆಯನ್ನು ಅರ್ಧ ಮುರಿದು ನುಂಗುತ್ತಿದ್ದರು, ನನಗೆ ಗೊತ್ತಾದದ್ದು ಡಬ್ಬಿಯ ತಳದಲ್ಲಿ ಬಿಳಿ ಪುಡಿ ಕಂಡಾಗ. ಕೋಟೆಗೆ ಹೋಗಲು ಬಸ್ಸಿಲ್ಲ. ಕಾಡಿನ ಗೇಟು ದಾಟಲು ಪಾಸ್ ಬೇಕು. ಪಾಸ್ ಕೇಳಲು ಹೋದಾಗ ಒಬ್ಬರು ಇನ್ನೊಬ್ಬರ ಹತ್ತಿರ ಹೋಗಿ ಅಂದರು, ಅವರು ಮತ್ತೊಬ್ಬರ ಹತ್ತಿರ ಅಂದರು. ಎರಡು ದಿನ ಅದರಲ್ಲೇ ಹೋಯಿತು.

ಕೊನೆಗೆ ಪೆರಿಕ್ಕಲ್ಲೂರಿನಲ್ಲಿ ದಿನಸಿ ಅಂಗಡಿ ಇಟ್ಟಿರುವ ಚೇಟ್ಟನಿಗೆ ಫೋನ್ ಮಾಡಿದೆ. ಚೇಟ್ಟ ಅಂದರೆ ಮಲಯಾಳದಲ್ಲಿ ಅಣ್ಣ. ಚೀಟಿಯ ಫೋಟೋ ಕಳಿಸಿದೆ. ಅವರು ಮಾತ್ರೆ ತರಿಸಿಟ್ಟು, ನಾಳೆ ಬೆಳಿಗ್ಗೆ ಕಡವಿಗೆ ಬನ್ನಿ ಪೆಂಗಳೇ ಅಂದರು. ಪೆಂಗಳ್ ಅಂದರೆ ಸೋದರಿ. ಬೇಸಿಗೆ ಆದ್ದರಿಂದ ಹೊಳೆ ಬತ್ತಿತ್ತು, ನಡುವೆ ಬಂಡೆಗಳು ಎದ್ದಿದ್ದವು. ಈಚೆ ದಡದಲ್ಲಿ ಡ್ಯೂಟಿಯಲ್ಲಿದ್ದ ಹುಡುಗನಿಗೆ ವಿಷಯ ಹೇಳಿದೆ. ಅವನಿಗೆ ಇಪ್ಪತ್ತೈದು ವರ್ಷ ಇರಬಹುದು. ಸ್ವಲ್ಪ ಹೊತ್ತು ನೀರನ್ನೇ ನೋಡಿದ. ಆಮೇಲೆ, "ಅಕ್ಕ, ಬಂಡೆ ದಾಟಿ ಆಚೆ ಹೋಗಬೇಡಿ, ಅವರೂ ಬಂಡೆ ದಾಟಿ ಈಚೆ ಬರೋದು ಬೇಡ" ಅಂದ. ಅಷ್ಟಕ್ಕೇ ಅವನಿಗೆ ಪುಣ್ಯ ಬರಲಿ.

ಚೇಟ್ಟ ಪಂಚೆ ಮೇಲೆ ಕಟ್ಟಿಕೊಂಡು ಮೊಣಕಾಲವರೆಗೆ ನೀರಲ್ಲಿ ಬಂದರು. ಮಾತ್ರೆ ಪೊಟ್ಟಣವನ್ನು ಖಾಲಿ ಹಾಲಿನ ಕವರಿಗೆ ತುಂಬಿ, ರಬ್ಬರ್ ಬ್ಯಾಂಡ್ ಹಾಕಿ, ಬಂಡೆ ಮೇಲಿಟ್ಟು, ಗಾಳಿಗೆ ಹಾರದ ಹಾಗೆ ಒಂದು ಕಲ್ಲು ಹೇರಿ ಹಿಂದೆ ಸರಿದರು. ಅವರು ಆಚೆ ದಡ ಮುಟ್ಟಿದ ಮೇಲೆ ನಾನು ಇಳಿದೆ. ದುಡ್ಡನ್ನು ಅದೇ ಕಲ್ಲಿನ ಕೆಳಗೆ ಇಡಲು ಹೋದರೆ ದಡದಿಂದಲೇ ಬೇಡ ಬೇಡ ಅಂತ ಕೈ ಬೀಸಿದರು. ನೋಟಿನಿಂದಲೂ ರೋಗ ಅಂಟುತ್ತೆ ಅಂತ ಆಗ ಎಲ್ಲರಿಗೂ ಭಯ. ಮಾತ್ರೆ ಜೊತೆ ಒಂದು ಚೀಟಿ ಇತ್ತು, ಬೆಳಿಗ್ಗೆ ಯಾವುದು ರಾತ್ರಿ ಯಾವುದು ಅಂತ ಮಲಯಾಳದಲ್ಲಿ ಬರೆದಿದ್ದರು. ಅದರ ಕೆಳಗೆ ಅಂಕುಡೊಂಕಾಗಿ ಕನ್ನಡ ಅಕ್ಷರದಲ್ಲಿ "ಅಮ್ಮ" ಅಂತ. ಅವರಿಗೆ ಕನ್ನಡ ಮಾತಾಡಲು ಬರುತ್ತೆ ಅಂತ ಗೊತ್ತಿತ್ತು, ಬರೆಯಲೂ ಬರುತ್ತೆ ಅಂತ ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ.

ಇದನ್ನು ನೀವು ಗಡಿ ದಾಟಿದ್ದು ಅನ್ನುತ್ತೀರೋ ಇಲ್ಲವೋ ನಿಮಗೆ ಬಿಟ್ಟದ್ದು. ಹೊಳೆ ಮಧ್ಯದ ಬಂಡೆ ಯಾವ ರಾಜ್ಯದ್ದು ಅಂತ ಆ ಹುಡುಗನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಆಮೇಲಿನದು ನಿಯಮಗಳ ಕಥೆ, ಬೇಗ ಹೇಳಿಬಿಡುತ್ತೇನೆ. ಆ ವರ್ಷ ಮೇ ತಿಂಗಳಿನಿಂದ ಎರಡೂ ರಾಜ್ಯಗಳು ಆನ್‌ಲೈನ್ ಪಾಸ್ ಕೊಟ್ಟವು, ನಮ್ಮದು ಸೇವಾಸಿಂಧು, ಅವರದು ಕೋವಿಡ್ ಜಾಗ್ರತಾ. ಆಗಸ್ಟ್ ಕೊನೆಗೆ ಕರ್ನಾಟಕ ಆ ನೋಂದಣಿ ತೆಗೆಯಿತು. 2021ರ ಫೆಬ್ರವರಿಯಲ್ಲಿ ಕೇರಳದಿಂದ ಬರುವವರಿಗೆ 72 ಗಂಟೆ ಒಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ರಿಪೋರ್ಟ್ ಕಡ್ಡಾಯ ಆಯಿತು. ಜುಲೈ 31ಕ್ಕೆ ಇನ್ನೂ ಬಿಗಿ: ಎರಡು ಡೋಸ್ ಲಸಿಕೆ ಆಗಿದ್ದರೂ ರಿಪೋರ್ಟ್ ಬೇಕು. ದಿನಾ ಓಡಾಡುವ ವಿದ್ಯಾರ್ಥಿಗಳು, ವ್ಯಾಪಾರದವರು 15 ದಿನಕ್ಕೊಮ್ಮೆ ಟೆಸ್ಟ್ ಮಾಡಿಸಿದರೆ ಸಾಕು ಅಂತ ಇತ್ತು. ಎರಡು ವರ್ಷದೊಳಗಿನ ಮಕ್ಕಳಿಗೆ ವಿನಾಯಿತಿ. ಮನೆಯಲ್ಲಿ ಸಾವಾಗಿದ್ದರೆ, ತುರ್ತು ಚಿಕಿತ್ಸೆ ಇದ್ದರೆ ಬಂದ ಜಾಗದಲ್ಲೇ ಸ್ವ್ಯಾಬ್ ಕೊಟ್ಟು ಮುಂದೆ ಹೋಗಬಹುದಿತ್ತು. ಆ ಆಗಸ್ಟ್‌ನಲ್ಲಿ ಮೈಸೂರು ಸೇರಿ ಎಂಟು ಗಡಿ ಜಿಲ್ಲೆಗಳಿಗೆ ವಾರಾಂತ್ಯದ ಕರ್ಫ್ಯೂ ಕೂಡ ಬಂತು. 2022ರ ಫೆಬ್ರವರಿಗೆ ರಿಪೋರ್ಟಿನ ನಿಯಮ ಹೋಯಿತು.

ಓದಲು ಸರಿಯಾಗೇ ಇದೆ, ಅಲ್ವಾ? ಆ ವರ್ಷ ಕೇರಳದಲ್ಲಿ ಕೇಸು ಜಾಸ್ತಿ ಇದ್ದದ್ದು ನಿಜ, ಹುಷಾರಾಗಿರಬೇಕಿತ್ತು ಅನ್ನುವುದೂ ನಿಜ. ನಾನು ನಿಯಮದ ವಿರುದ್ಧ ಮಾತಾಡುತ್ತಿಲ್ಲ. ಆದರೆ ಈ ನಿಯಮ ಬರೆಯುವಾಗ ಕಣ್ಣ ಮುಂದೆ ಇದ್ದದ್ದು ಹೆದ್ದಾರಿ, ಚೆಕ್‌ಪೋಸ್ಟು, ಕಾರಿನಲ್ಲಿ ಕೂತು ಮೊಬೈಲ್ ತೋರಿಸುವವರು. ನಮ್ಮ ಕಡವಿಗೆ ಬಂದು ನೋಡಿ. ಸ್ವ್ಯಾಬ್ ತೆಗೆಯುವವರು ಯಾವ ದಿನ ಬರುತ್ತಾರೆ ಅಂತ ಗೊತ್ತಿಲ್ಲ. ರಿಪೋರ್ಟು ಮೊಬೈಲಿಗೆ ಬರುತ್ತೆ, ಆದರೆ ಹಾಡಿಯಲ್ಲಿ ಮೊಬೈಲು ಇರುವುದು ಎಷ್ಟು ಜನಕ್ಕೆ? ಇದ್ದರೂ ಸಿಗ್ನಲ್ ಸಿಗಲು ದಿಬ್ಬ ಹತ್ತಬೇಕು. ಹತ್ತಿದ ಮೇಲೆ ಸಿಗುವುದು ಆಚೆ ದಡದ ಟವರಿನ ಸಿಗ್ನಲ್ಲು. ರಿಪೋರ್ಟು ಬರುವಷ್ಟರಲ್ಲಿ 72 ಗಂಟೆಯಲ್ಲಿ ಅರ್ಧ ಮುಗಿದಿರುತ್ತಿತ್ತು. ಬೆಳಿಗ್ಗೆ ಹೋಗಿ ಸಂಜೆ ಬರುವ ಕೂಲಿಯವಳಿಗೆ ಇದೆಲ್ಲಾ ಹೇಗೆ ಹೊಂದುತ್ತೆ ಹೇಳಿ. ಒಂದು ದಿನದ ಟೆಸ್ಟಿಗೆ ಒಂದು ದಿನದ ಕೂಲಿ ಹೋಯಿತು ಅಂತ ನನ್ನ ಪಕ್ಕದ ಮನೆಯಾಕೆ ಬೆರಳು ಮಡಚಿ ಲೆಕ್ಕ ಹಾಕಿ ತೋರಿಸಿದ್ದಳು. 15 ದಿನಕ್ಕೊಮ್ಮೆ ಅನ್ನುವ ವಿನಾಯಿತಿ ಅವಳಿಗೂ ಇದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಅವಳ ಹತ್ತಿರ ಕೆಲಸದ ಕಾಗದವೂ ಇರಲಿಲ್ಲ. ತೋಟದ ಕೂಲಿಗೆ ಯಾರು ಐಡಿ ಕಾರ್ಡ್ ಕೊಡುತ್ತಾರೆ?

ಕದ್ದು ದಾಟಿದವರು ಇದ್ದರಾ ಅಂದರೆ, ಇದ್ದರು. ಕಡವು ಬಿಟ್ಟು ಮೇಲೆ ಕೆಳಗೆ ಬೇರೆ ಜಾಗದಲ್ಲಿ ರಾತ್ರಿ ಹೊತ್ತು ದಾಟಿದರು. ಶುಂಠಿಗೆ ಮಣ್ಣು ಕೊಡುವ ಸಮಯ ತಪ್ಪಿದರೆ ಗುತ್ತಿಗೆ ದುಡ್ಡೆಲ್ಲಾ ನೀರುಪಾಲು ಅಂತ ಆಚೆಯ ರೈತರು ಬಂದರು. ಮಗಳ ಬಾಣಂತನಕ್ಕೆ ಹೋದ ತಾಯಿ ಇದ್ದಳು. ಬರೀ ವೈನ್ ಶಾಪಿಗೆ ಬಂದವರೂ ಇದ್ದರು, ಅದನ್ನು ನಾನು ಮುಚ್ಚಿಡುವುದಿಲ್ಲ. ಅವರಿಂದಲೇ ಎಲ್ಲರ ಮೇಲೂ ಅನುಮಾನ ಬಂತು. ನನಗೆ ಸಿಟ್ಟು ಬರುವುದು ಆ ವಿಷಯಕ್ಕೇ. ಬಾಣಂತನಕ್ಕೆ ಹೊರಟವಳನ್ನೂ ಬಾಟಲಿಗೆ ಬಂದವನನ್ನೂ ಒಂದೇ ದೋಣಿಯಲ್ಲಿ ಕೂರಿಸಿ ನೋಡಿದರು.

ರಾತ್ರಿ ದಾಟುವುದು ಸುಲಭದ ಮಾತೂ ಅಲ್ಲ, ದಯವಿಟ್ಟು ಯಾರೂ ಅದನ್ನು ಸಾಹಸ ಅಂತ ತಿಳಿಯಬೇಡಿ. ಸಂಜೆ ಆದರೆ ಆನೆ ನೀರಿಗೆ ಇಳಿಯುತ್ತೆ. ಮಳೆಗಾಲದಲ್ಲಿ ವಯನಾಡಿನಲ್ಲಿ ಮಳೆ ಬಿದ್ದರೆ ನಮ್ಮಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತೆ, ಕೆಂಪು ನೀರು, ಮರದ ದಿಮ್ಮಿ ಎಲ್ಲಾ ತೇಲಿ ಬರುತ್ತೆ. 2018, 2019ರ ಪ್ರವಾಹ ನೋಡಿದ ಯಾರೂ ಆ ನೀರಿನ ಜೊತೆ ಆಟ ಆಡುವುದಿಲ್ಲ. ಸರಪಳಿ ಹಾಕಿದ್ದ ದೋಣಿ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿತ್ತು, ಅದನ್ನು ಹಾಗೇ ನೀರಿಗೆ ಇಳಿಸಿದವರು ಇದ್ದರು. ಯಾರಿಗೂ ಏನೂ ಆಗಲಿಲ್ಲ ಅನ್ನುವುದು ನಮ್ಮ ಅದೃಷ್ಟ. ಕಡವಿನಲ್ಲೇ ಒಂದು ಟೇಬಲ್ ಹಾಕಿ, ವಾರಕ್ಕೆರಡು ದಿನ ಟೆಸ್ಟ್ ಮಾಡಿ, ಹೆಸರು ಬರೆದುಕೊಂಡು ದೋಣಿ ಬಿಟ್ಟಿದ್ದರೆ ಯಾರೂ ಕತ್ತಲಲ್ಲಿ ದಾಟುತ್ತಿರಲಿಲ್ಲ. ಇದನ್ನು ನಾವು ಆಗಲೂ ಹೇಳಿದ್ದೆವು.

ಸೇತುವೆ ಯಾಕಿಲ್ಲ ಅಂತ ನೀವು ಮುಂದೆ ಕೇಳೇ ಕೇಳುತ್ತೀರಿ. 1994ರಲ್ಲೇ ಅಡಿಗಲ್ಲು ಹಾಕಿದ್ದಾರೆ. ಕಾಡಿನ ಅನುಮತಿ ಅಂತ ನಿಂತಿದ್ದು ಇವತ್ತಿಗೂ ನಿಂತೇ ಇದೆ. ಸೇತುವೆ ಬಂದರೆ ಗಾಡಿ ಜಾಸ್ತಿಯಾಗಿ ಕಾಡಿಗೆ ತೊಂದರೆ ಅನ್ನುವ ಮಾತಿನಲ್ಲಿ ಹುರುಳಿದೆ, ನಾನು ಕಾಡಿನ ಅಂಚಲ್ಲೇ ಬೆಳೆದವಳು, ಆ ಕಾಳಜಿ ನನಗೂ ಇದೆ. ಕನಿಷ್ಠ ಜನ ನಡೆದು ಹೋಗುವಂಥ ತೂಗುಸೇತುವೆ ಆದರೂ ಸಾಕು ಅಂತ ನನ್ನ ಆಸೆ. ಅವ್ವ ಮಾತ್ರ ದೋಣಿಯೇ ಇರಲಿ ಅನ್ನುತ್ತಾರೆ, ಸೇತುವೆಗಾದರೆ ಗೇಟು ಹಾಕಿ ಬೀಗ ಜಡಿಯೋದು ಇನ್ನೂ ಸುಲಭ ಅಂತ.

ಮಾತ್ರೆಯ ದುಡ್ಡು 460 ರೂಪಾಯಿ. ಕಡವು ಮತ್ತೆ ಶುರುವಾದಾಗ ಮೊದಲ ದೋಣಿಯಲ್ಲಿ ಹೋಗಿ ಚೇಟ್ಟನಿಗೆ ಕೊಟ್ಟು ಬಂದೆ. ಬಾಕಿ ಬರೆಯುವ ಪುಸ್ತಕ ತೆಗೆದು ನೋಡಿದರು, ಬರೆದೇ ಇರಲಿಲ್ಲ.

ನೀವು ಬರುವುದಾದರೆ ಈಗ ರಿಪೋರ್ಟು, ಪಾಸು ಯಾವುದೂ ಬೇಡ. ಮಳೆಗಾಲ ಬಿಟ್ಟು ಬನ್ನಿ. ಚಿಲ್ಲರೆ ತನ್ನಿ. ಕತ್ತಲಾಗುವ ಮುಂಚೆ ವಾಪಸ್ ದಾಟಿ, ಆಮೇಲೆ ದೋಣಿ ಇರುವುದಿಲ್ಲ. ದೋಣಿ ಆಚೆ ದಡದಲ್ಲಿ ಕಂಡರೆ ಫೋನ್ ಹುಡುಕಬೇಡಿ, ಕೈ ಬಾಯಿಗೆ ಅಡ್ಡ ಇಟ್ಟುಕೊಂಡು ಜೋರಾಗಿ ಒಂದು ಕೂಗು ಹಾಕಿ.