ಇಪ್ಪತ್ತಮೂರು ಜನ ಹೇಳಿದರು, ನೀವೇನು ಕೇಳಿದಿರಿ?

ಪ್ರಿಯ ಮಿತ್ರರೆ,

ನಮಸ್ಕಾರ. ಬ್ರಿಟನ್ನಿನ ರಾಕ್ ತಂಡ ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಮ್ ಬಗ್ಗೆ ಕೇಳುಗರ ಅಭಿಪ್ರಾಯ ಒಟ್ಟುಮಾಡಿ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ನಡುವೆ ಒಮ್ಮೆ ಆಲ್ಬಮ್ಮನ್ನೂ ಪೂರ್ತಿ ಕೇಳಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಕೊನೆಯ ಸಾಲಿನವರೆಗೆ ನಿಮ್ಮನ್ನು ಕಾಯಿಸುವುದು ಬೇಡ. ಆದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಅಡಗಿದೆ. ಅದಕ್ಕೇ ಇಷ್ಟು ಉದ್ದದ ಪತ್ರ.

ನಿಮ್ಮ ಶ್ರಮ ಕಾಣುತ್ತದೆ. ಇಪ್ಪತ್ತಮೂರು ಜನರನ್ನು ಮಾತಾಡಿಸಿದ್ದೀರಿ. ಹನ್ನೊಂದು ಜನ "ಅದ್ಭುತ" ಅಂದಿದ್ದಾರೆ. ಆರು ಜನ "ಹೇಳುವಷ್ಟೇನೂ ಇಲ್ಲ" ಅಂದಿದ್ದಾರೆ. ಉಳಿದವರು ಅತ್ತ ಇತ್ತ. ಎಲ್ಲರ ಮಾತನ್ನೂ ಸಾಲಾಗಿ ಬರೆದು, ಕೊನೆಗೆ "ಲೋಕೋ ಭಿನ್ನರುಚಿಃ" ಎಂದು ಮುಗಿಸಿದ್ದೀರಿ. ನನ್ನ ತಕರಾರು ಇರುವುದು ಇಲ್ಲೇ. ರುಚಿ ಬೇರೆ ಬೇರೆ ಅನ್ನುವುದು ಓದುಗರಿಗೆ ನಿಮ್ಮ ಲೇಖನ ಓದುವ ಮೊದಲೇ ಗೊತ್ತು. ಅವರಿಗೆ ಗೊತ್ತಿಲ್ಲದ್ದು, ಈ ಇಪ್ಪತ್ತಮೂರು ಜನ ನಿಜವಾಗಿ ಏನನ್ನು ಕೇಳಿದರು ಅನ್ನುವುದು. ಒಬ್ಬರು ಬೋರ್ ಅಂದರು. ಸರಿ, ಯಾವ ಹಾಡು? ಎಷ್ಟು ಹೊತ್ತು ಕೇಳಿದ್ದರು? ಯಾವ ವಯಸ್ಸಿನಲ್ಲಿ? ನೀವು ಕೇಳಿಲ್ಲ. ಕೇಳಿದ್ದರೂ ಬರೆದಿಲ್ಲ.

ಇದು ಯಾಕೆ ಮುಖ್ಯ ಅನ್ನುವುದಕ್ಕೆ ನನ್ನದೇ ಒಂದು ಅನುಭವ ಹೇಳುತ್ತೇನೆ. ನಾನು ಪಿಯುಸಿ ಓದುವಾಗ ಚಿಕ್ಕಪ್ಪನ ಮಗ ಬೆಂಗಳೂರಿನಿಂದ ಈ ಆಲ್ಬಮ್ಮನ್ನು ಕ್ಯಾಸೆಟ್‌ನ ಒಂದೇ ಬದಿಗೆ ತುಂಬಿಸಿಕೊಂಡು ಬಂದಿದ್ದ. 60 ನಿಮಿಷದ ಕ್ಯಾಸೆಟ್, ಅಂದರೆ ಒಂದು ಬದಿಗೆ 30 ನಿಮಿಷ. ಆಲ್ಬಮ್ ಇರುವುದು 38 ನಿಮಿಷ. ಕೊನೆಯ ಹಾಡು 'ವಾರ್ನಿಂಗ್' ಶುರುವಾಗಿ ಎರಡು ನಿಮಿಷ ಆಗುತ್ತಿದ್ದ ಹಾಗೆ ಟೇಪು ಟಕ್ ಅಂತ ನಿಂತುಬಿಡುತ್ತಿತ್ತು. ವರ್ಷಗಟ್ಟಲೆ ನಾನು ಎಲ್ಲರ ಹತ್ತಿರ ವಾದ ಮಾಡಿದ್ದೇನೆ: ಈ ಆಲ್ಬಮ್‌ನಲ್ಲಿ ಒಂದು ನಿಮಿಷವೂ ಸಡಿಲ ಇಲ್ಲ, ಎಲ್ಲೂ ಎಳೆದಿಲ್ಲ ಅಂತ. ಆಮೇಲೆ ಸೀಡಿಯಲ್ಲಿ ಪೂರ್ತಿ ಕೇಳಿದೆ. 'ವಾರ್ನಿಂಗ್' ಹತ್ತು ನಿಮಿಷ ದಾಟುವ ಹಾಡು. ನಡುವೆ ಗಿಟಾರ್ ಒಂಟಿಯಾಗಿ ಮನಸ್ಸಿಗೆ ಬಂದ ಕಡೆ ಅಲೆದಾಡುತ್ತದೆ. ನನ್ನ ವಾದ ಕೇಳಿದ್ದ ಗೆಳೆಯರ ಹತ್ತಿರ ಪೂರ್ತಿ ಆಲ್ಬಮ್ ಇತ್ತು. ನಾವು ಜಗಳ ಆಡುತ್ತಿದ್ದದ್ದು ರುಚಿಯ ಬಗ್ಗೆ ಅಲ್ಲವೇ ಅಲ್ಲ, ಇಬ್ಬರೂ ಕೇಳಿದ್ದೇ ಬೇರೆ.

ನಿಮ್ಮ ಲೇಖನದಲ್ಲೂ ಇದೇ ಆಗಿದೆ. ಹೊಗಳಿದವರ ಮಾತುಗಳನ್ನು ಮತ್ತೊಮ್ಮೆ ನೋಡಿ. ಹನ್ನೊಂದರಲ್ಲಿ ಒಂಬತ್ತು ಜನ ಮಳೆ, ಗುಡುಗು, ಗಂಟೆಯ ಸದ್ದಿನ ಬಗ್ಗೆ ಮಾತಾಡುತ್ತಾರೆ. ಅದು ಮೊದಲ ಹಾಡಿನ ಮೊದಲ ನಿಮಿಷ. ಬೇಡ ಅಂದವರು "ಎಳೆದಾಟ", "ಬ್ಲೂಸ್‌ನ ನಕಲು" ಅನ್ನುತ್ತಾರೆ. (ಬ್ಲೂಸ್ ಅಂದರೆ ಅಮೆರಿಕದ ಕಪ್ಪು ಜನರಿಂದ ಬಂದ ಹಾಡಿನ ಬಗೆ.) ಅದು ರೆಕಾರ್ಡಿನ ಎರಡನೇ ಬದಿ. ಒಂದು ಬಳಗ ಮೊದಲ ಬದಿಯನ್ನು ಹೊಗಳುತ್ತಿದೆ, ಇನ್ನೊಂದು ಬಳಗ ಎರಡನೇ ಬದಿಯನ್ನು ಬೈಯುತ್ತಿದೆ. ಇಬ್ಬರ ಮಾತೂ ನನಗೆ ಸರಿ ಅನ್ನಿಸುತ್ತದೆ. ಇದನ್ನು ನೀವು ಗಮನಿಸಿದ್ದರೆ ಲೇಖನ ಅರ್ಧ ಗೆದ್ದ ಹಾಗೆ.

ಆಗಿನ ವಿಮರ್ಶಕರ ವಿಷಯವೂ ಹೀಗೇ. "ಅವರೆಲ್ಲ ಕಿವುಡರು" ಎಂದು ಒಂದೇ ಸಾಲಿನಲ್ಲಿ ತಳ್ಳಿಹಾಕಿದ್ದೀರಿ. ಅದು ನ್ಯಾಯ ಅಲ್ಲ. ರೋಲಿಂಗ್ ಸ್ಟೋನ್ ಪತ್ರಿಕೆಯಲ್ಲಿ ಲೆಸ್ಟರ್ ಬ್ಯಾಂಗ್ಸ್ 1970ರಲ್ಲಿ ಈ ಆಲ್ಬಮ್ಮನ್ನು ಹೀನಾಯವಾಗಿ ಬೈದರು. ಇದು ಕ್ರೀಮ್ ತಂಡದ ಹಾಗೇ ಇದೆ, ಅದಕ್ಕಿಂತ ಕಳಪೆ ಅನ್ನುವುದು ಅವರ ಮಾತಿನ ಸಾರ. ಕ್ರೀಮ್ ಅಂದರೆ ಎರಿಕ್ ಕ್ಲ್ಯಾಪ್ಟನ್ ಇದ್ದ ಮೂವರ ತಂಡ. ಬ್ಲೂಸ್ ಹಾಡನ್ನು ತೆಗೆದುಕೊಂಡು ವೇದಿಕೆಯ ಮೇಲೆ ಉದ್ದಕ್ಕೂ ಬೆಳೆಸುತ್ತಿದ್ದರು. 1968ರಲ್ಲಿ ತಂಡ ಮುರಿದಿತ್ತು. ಈಗ 'ವಾರ್ನಿಂಗ್' ಕೇಳಿ. ಅದು ಸಬ್ಬತ್‌ನ ಸ್ವಂತ ಹಾಡಲ್ಲ, ಬ್ರಿಟನ್ನಿನ ಇನ್ನೊಂದು ಬ್ಲೂಸ್ ತಂಡದ್ದು. ಅದನ್ನು ಕೇಳಿದವರಿಗೆ ಕ್ರೀಮ್ ನೆನಪಾದರೆ ಆಶ್ಚರ್ಯ ಇಲ್ಲ. ಬ್ಯಾಂಗ್ಸ್ ಕಿವಿ ಸರಿಯಾಗೇ ಇತ್ತು. ಹಳೆಯದನ್ನು ಅವರು ಗುರುತಿಸಿದರು. ಅದರ ಪಕ್ಕದಲ್ಲೇ ಇದ್ದ ಹೊಸದಕ್ಕೆ ಅವರ ಕಿವಿಯಲ್ಲಿ ಜಾಗ ಇರಲಿಲ್ಲ. ಆಲ್ಬಮ್ ಕೊಂಡ ಜನರಿಗೆ ಆ ಹೊಸದೇ ಸಾಕಾಯಿತು. ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ 8ನೇ ಸ್ಥಾನ, ಅಮೆರಿಕದಲ್ಲಿ 23. ಬ್ಯಾಂಗ್ಸ್ ಮಾತನ್ನೂ ಈ ಸ್ಥಾನಗಳನ್ನೂ ಅಕ್ಕಪಕ್ಕ ಇಟ್ಟು ಬರೆಯಿರಿ. ವಿಮರ್ಶಕರನ್ನು ಸೋಲಿಸುವ ಅಗತ್ಯ ನಿಮಗಿಲ್ಲ.

ಇನ್ನೊಂದು ತಪ್ಪು ಸಣ್ಣದು, ಆದರೆ ಕಲಿಸುವಂಥದ್ದು. ಎರಡನೇ ಬದಿಯ 'ಈವಿಲ್ ವುಮನ್' ದುರ್ಬಲ ಹಾಡು ಎಂದು ಮೈಸೂರಿನವರೊಬ್ಬರು ಹೇಳುತ್ತಾರೆ. ಎರಡನೇ ಬದಿಯಲ್ಲಿ ದುರ್ಬಲ ಹಾಡೇ ಇಲ್ಲ ಎಂದು ನ್ಯೂಜೆರ್ಸಿಯಲ್ಲಿರುವ ನಿಮ್ಮ ಸೋದರಮಾವ ಹೇಳುತ್ತಾರೆ. ಇಬ್ಬರನ್ನೂ ನೀವು ಎದುರಾಳಿಗಳ ಹಾಗೆ ನಿಲ್ಲಿಸಿದ್ದೀರಿ. ಆದರೆ ಅಮೆರಿಕದಲ್ಲಿ ಬಂದ ರೆಕಾರ್ಡ್‌ನಲ್ಲಿ 'ಈವಿಲ್ ವುಮನ್' ಇರಲಿಲ್ಲ! ಅದು ಕ್ರೋ ಎಂಬ ಅಮೆರಿಕನ್ ತಂಡದ ಹಾಡು. ಅಲ್ಲಿಯ ರೆಕಾರ್ಡ್‌ನಲ್ಲಿ ಅದನ್ನು ತೆಗೆದು 'ವಿಕೆಡ್ ವರ್ಲ್ಡ್' ಹಾಕಿದ್ದರು. ನಿಮ್ಮ ಮಾವನ ಹತ್ತಿರ ಇರುವುದು ಯಾವ ರೆಕಾರ್ಡ್ ಎಂದು ಒಂದು ಫೋನ್ ಮಾಡಿ ಕೇಳಿದ್ದರೆ ಸಾಕಿತ್ತು.

ಈಗ ಮೊದಲ ಹಾಡಿನ ಮೂರು ಸ್ವರಗಳಿಗೆ ಬರೋಣ. ನಿಮ್ಮ ಲೇಖನದ ಅತಿ ಒಳ್ಳೆಯ ಅವಕಾಶ ಅಲ್ಲಿತ್ತು. ತಂಡದ ಹೆಸರನ್ನೇ ಹೊತ್ತ ಮೊದಲ ಹಾಡಿನಲ್ಲಿ ಗಿಟಾರ್ ನುಡಿಸುವುದು ಮೂರೇ ಸ್ವರ, ತುಂಬಾ ನಿಧಾನವಾಗಿ. "ಈ ಸ್ವರಾಂತರವನ್ನು ಮಧ್ಯಯುಗದಲ್ಲಿ ಚರ್ಚು ನಿಷೇಧಿಸಿತ್ತು" ಎಂದು ಬರೆದಿದ್ದೀರಿ. ದಯವಿಟ್ಟು ತೆಗೆದುಹಾಕಿ. ಎಲ್ಲರೂ ಹೇಳುತ್ತಾರೆ ನಿಜ, ಆದರೆ ಅಂಥ ನಿಷೇಧಕ್ಕೆ ದಾಖಲೆ ಇಲ್ಲ. ಹಳೆಯ ಸಂಗೀತ ಗುರುಗಳು ಅದನ್ನು ಕರ್ಕಶ ಎಂದು ದೂರ ಇಡುತ್ತಿದ್ದರು, ಸೈತಾನನ ಹೆಸರಿಟ್ಟು ಕರೆದರು, ಅಷ್ಟೇ.

ಇದಕ್ಕಿಂತ ದೊಡ್ಡ ವಿಷಯ ನಿಮ್ಮ ಕೈಯಲ್ಲೇ ಇತ್ತು. ಆ ಮೂರು ಸ್ವರ ಯಾವುವು? ಕೆಳಗಿನ ಸ, ಮೇಲಿನ ಸ, ಅಲ್ಲಿಂದ ಇಳಿದು ಪ್ರತಿಮಧ್ಯಮ, ಅಂದರೆ ಏರಿಸಿದ ಮ. ಸ ಮತ್ತು ಈ ಮ ನಡುವಿನ ದೂರವೇ ನೀವು ಹೇಳಿದ ಸ್ವರಾಂತರ. ಕೊನೆಯದನ್ನು ನಡುಗಿಸಿ ಬಿಡುತ್ತಾರೆ. ಪ್ರತಿಮಧ್ಯಮ ನಮಗೆ ಸೈತಾನನ ಸ್ವರ ಅಲ್ವಲ್ಲ! ಕರ್ನಾಟಕ ಸಂಗೀತದ ಮೂಲ ರಾಗಗಳಾದ 72 ಮೇಳಕರ್ತಗಳಲ್ಲಿ 36ಕ್ಕೆ ಅದೇ ಮಧ್ಯಮ. ಕಲ್ಯಾಣಿಯಲ್ಲಿ ಅದನ್ನು ಕೇಳಿ ಮನಸ್ಸು ಅರಳುತ್ತದೆ. ನೀವು ಮಾತಾಡಿಸಿದವರಲ್ಲಿ ಪಿಟೀಲು ಕಲಿಯುವ ಹುಡುಗಿಯೊಬ್ಬಳು "ಹೆದರಿಕೆ ಏನೂ ಆಗಲಿಲ್ಲ, ಏನೋ ಅರ್ಧಕ್ಕೆ ನಿಂತ ಹಾಗಾಯ್ತು" ಅಂದಿದ್ದಾಳೆ. ಅವಳಿಗೆ ರಾಕ್ ಅರ್ಥವಾಗಿಲ್ಲ ಎಂದು ನೀವು ಮುಂದೆ ಹೋಗಿಬಿಟ್ಟಿದ್ದೀರಿ. ನನಗೆ ಬೇಜಾರಾಯಿತು. ಇಪ್ಪತ್ತಮೂರರಲ್ಲಿ ಅತ್ಯಂತ ಸೂಕ್ಷ್ಮವಾಗಿ ಕೇಳಿದವಳು ಅವಳು. ಕಲ್ಯಾಣಿಯಲ್ಲಿ ಪ್ರತಿಮಧ್ಯಮದ ಒಂದು ಪಕ್ಕ ಗಾಂಧಾರ ಇರುತ್ತದೆ, ಇನ್ನೊಂದು ಪಕ್ಕ ಪಂಚಮ. ಎರಡೂ ಅದರ ಕೈ ಹಿಡಿದುಕೊಂಡಿರುತ್ತವೆ. ಇಲ್ಲಿ ಆಸರೆಗೆ ಯಾವುದೂ ಇಲ್ಲ. ಪಂಚಮಕ್ಕೆ ಏರುವ ಬಾಗಿಲಲ್ಲಿ ನಿಲ್ಲಿಸಿ ನಡುಗಿಸುತ್ತಾರೆ. "ಅರ್ಧಕ್ಕೆ ನಿಂತ ಹಾಗೆ" ಅಂದರೆ ಇದೇ ತಾನೆ? ಅವಳ ಹತ್ತಿರ ಮತ್ತೆ ಹೋಗಿ. ಹಾಡು ಹಾಕಿ. ಪಿಟೀಲಿನಲ್ಲಿ ಆ ಮೂರು ಸ್ವರ ನುಡಿಸಿ ತೋರಿಸು ಅನ್ನಿ. ಅವಳು ಏನು ಹೇಳುತ್ತಾಳೋ ಹಾಗೇ ಬರೆದುಕೊಳ್ಳಿ.

ತಂಡದ ಗಿಟಾರ್ ವಾದಕ ಟೋನಿ ಅಯೋಮಿ ಅವರ ಬೆರಳಿನ ಕತೆಯನ್ನು ನೀವು ಪೂರ್ತಿ ಒಂದು ಪುಟ ಬರೆದಿದ್ದೀರಿ. ಕತೆ ನಿಜ. 17ನೇ ವಯಸ್ಸಿನಲ್ಲಿ, ಬರ್ಮಿಂಗ್‌ಹ್ಯಾಮ್‌ನ ಶೀಟ್ ಮೆಟಲ್ ಕಾರ್ಖಾನೆಯಲ್ಲಿ, ಕೆಲಸದ ಕೊನೆಯ ದಿನ, ಬಲಗೈಯ ಎರಡು ಬೆರಳುಗಳ ತುದಿ ಯಂತ್ರಕ್ಕೆ ಹೋಯಿತು. ಅವರು ಎಡಗೈ ವಾದಕರು. ಹಾಗಾಗಿ ತಂತಿ ಒತ್ತಬೇಕಾದದ್ದು ಅದೇ ಬಲಗೈ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡರು, ಮೇಲೆ ಚರ್ಮ ಅಂಟಿಸಿದರು, ತೆಳುವಾದ ತಂತಿ ಕಟ್ಟಿದರು. ಆದರೆ "ಬೆರಳು ನೋಯುತ್ತದೆಂದು ಶ್ರುತಿ ಇಳಿಸಿದರು, ಅದಕ್ಕೇ ಈ ಆಲ್ಬಮ್ ಇಷ್ಟು ಭಾರವಾಗಿ ಕೇಳುತ್ತದೆ" ಎಂದು ನಾಲ್ಕು ಜನ ಹೇಳಿದ್ದನ್ನು ನೀವು ಹಾಗೇ ಒಪ್ಪಿಕೊಂಡಿದ್ದೀರಿ. ಶ್ರುತಿಯನ್ನು ಅಷ್ಟು ಇಳಿಸಿದ್ದು 1971ರ ಮೂರನೇ ಆಲ್ಬಮ್‌ನಲ್ಲಿ. ಮೊದಲನೆಯದು ಮಾಮೂಲಿ ಶ್ರುತಿಯಲ್ಲೇ ಇದೆ. ಹಾಗಾದರೆ ಆ ಭಾರ ಎಲ್ಲಿಂದ ಬಂತು? ಕೇಳುಗರು ಹೇಳಿದ್ದನ್ನು ನಂಬಿದ್ದರಿಂದ ಈ ಪ್ರಶ್ನೆ ನಿಮಗೆ ಹುಟ್ಟಲೇ ಇಲ್ಲ. ನನ್ನ ಕಿವಿಗೆ ಅನ್ನಿಸುವುದು ಇಷ್ಟು: ಭಾರ ಇರುವುದು ನಿಧಾನದಲ್ಲಿ, ಎರಡು ಹೊಡೆತಗಳ ನಡುವಿನ ಖಾಲಿಯಲ್ಲಿ. ಗೀಝರ್ ಬಟ್ಲರ್ ಅವರ ಬೇಸ್, ಅಯೋಮಿ ಅವರ ಗಿಟಾರ್‌ನ ಜೊತೆ ಅಂಟಿಕೊಂಡೇ ನಡೆಯುತ್ತದೆ. ಬಿಲ್ ವಾರ್ಡ್ ಅವರ ಡ್ರಮ್ ಮಾತ್ರ ಜಾಝ್ ಕೇಳಿ ಬೆಳೆದ ಕೈಯದು, ತೂಗುತ್ತದೆ. ಈ ಎಳೆದಾಟದಿಂದಲೇ ಹಾಡು ಬಿದ್ದುಬಿಡುವ ಹಾಗೆ ಕೇಳುತ್ತದೆ. ನೀವು ಬೇರೆ ಕಾರಣ ಹೇಳಬಹುದು. ಹೇಳಿ. ನಿಮ್ಮ ಕಿವಿಯ ಒಂದು ವಾಕ್ಯವೂ ಎಂಟು ಪುಟದಲ್ಲಿ ನನಗೆ ಸಿಗಲಿಲ್ಲ.

ಇನ್ನು ಪೀಣ್ಯದ ಆ ಹಿರಿಯರು. ಲೋಹ ಒತ್ತುವ ಪ್ರೆಸ್ ಶಾಪಿನಲ್ಲಿ ಇಪ್ಪತ್ತು ವರ್ಷ ದುಡಿದವರು, ಮಗನ ಮೊಬೈಲಿನಲ್ಲಿ ಮೊದಲ ಹಾಡು ಕೇಳಿ, "ಪ್ರೆಸ್ಸು ಮೇಲೆ ಹೋಗಿ ನಿಂತು, ಕೆಳಗೆ ಬರೋಕೆ ಮುಂಚೆ ಒಂದು ಗಳಿಗೆ ಇರುತ್ತಲ್ಲ, ಹಾಗಿದೆ" ಅಂದರು ಎಂದು ಬರೆದಿದ್ದೀರಿ. ಒಂದೇ ಸಾಲು. ನಾನು ಓದುವುದು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಅವರಿಗೆ ಅಯೋಮಿ ಯಾರು ಅಂತ ಗೊತ್ತಿಲ್ಲ, ಬೆರಳಿನ ಕತೆ ಗೊತ್ತಿಲ್ಲ. ಬರ್ಮಿಂಗ್‌ಹ್ಯಾಮ್‌ನ ಆಸ್ಟನ್‌ನಲ್ಲಿ ಕಾರ್ಖಾನೆಗಳ ಸದ್ದಿನ ನಡುವೆ ಬೆಳೆದ ಹುಡುಗರು ಮಾಡಿದ ಸಂಗೀತ ಇದು ಅಂತಲೂ ಗೊತ್ತಿಲ್ಲ. ಹಾಡುಗಾರ ಓಝಿ ಓಸ್ಬೋರ್ನ್ ಕಸಾಯಿಖಾನೆಯಲ್ಲಿ ದುಡಿದವರು, ಕಾರಿನ ಹಾರ್ನ್‌ಗಳ ಸದ್ದು ಸರಿಮಾಡುವ ಕೆಲಸವನ್ನೂ ಮಾಡಿದವರು. ಇದು ಯಾವುದೂ ತಿಳಿಯದೆ ಪೀಣ್ಯದ ಕಿವಿ ನೇರವಾಗಿ ಆ ಗಳಿಗೆಯನ್ನು ಹಿಡಿಯಿತು. ನೀವು ಅವರನ್ನು ಬಿಟ್ಟು, ಮುಂದಿನ ಸಾಲಿನಲ್ಲಿ "ಸಾರ್ವಕಾಲಿಕ ಮಾಸ್ಟರ್‌ಪೀಸ್" ಅಂದ ಐಟಿ ಉದ್ಯೋಗಿಗೆ ಅರ್ಧ ಪುಟ ಕೊಟ್ಟಿದ್ದೀರಿ.

ಒಂದು ದಿನಾಂಕದ ಮಾತು. ಈ ಅಭಿಪ್ರಾಯಗಳನ್ನೆಲ್ಲ ಒಟ್ಟುಮಾಡಿದ್ದು 2025ರ ಜುಲೈ ಕೊನೆಯಲ್ಲಿ ಎಂದು ಪತ್ರದಲ್ಲಿ ಹೇಳಿದ್ದೀರಿ, ಲೇಖನದಲ್ಲಿ ಹೇಳಿಲ್ಲ. ಜುಲೈ 5ರಂದು ಆಸ್ಟನ್‌ನ ವಿಲ್ಲಾ ಪಾರ್ಕ್‌ನಲ್ಲಿ ಮೂಲ ನಾಲ್ವರೂ ಕೊನೆಯ ಸಲ ಒಟ್ಟಿಗೆ ನುಡಿಸಿದರು. ಜುಲೈ 22ಕ್ಕೆ ಓಝಿ ತೀರಿಕೊಂಡರು. ಆ ವಾರ ಹೇಳಿದ ಮಾತಿನಲ್ಲಿ ದುಃಖ ಇರುತ್ತದೆ, ಇರಲೇಬೇಕು. ಅದನ್ನು ಮುಚ್ಚಿಡಬೇಡಿ. ಯಾವ ದಿನ ಹೇಳಿದ್ದು ಅಂತ ಬರೆದರೆ ಓದುಗರೇ ತೂಗಿ ನೋಡುತ್ತಾರೆ.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. "ಸಂಗೀತಕ್ಕೆ ಗಡಿಗಳಿಲ್ಲ" ಎಂಬ ಮೊದಲ ಪ್ಯಾರಾ ಪೂರ್ತಿ ಹೊಡೆದುಹಾಕಿ. ಜಗತ್ತಿನ ಮೊದಲ ಹೆವಿ ಮೆಟಲ್ ಆಲ್ಬಮ್ ಯಾವುದು ಎಂಬ ಚರ್ಚೆಯನ್ನೂ ಬಿಡಿ, ಎರಡು ಪುಟ ತಿಂದಿದೆ, ಎಲ್ಲಿಗೂ ತಲುಪಿಲ್ಲ. ಅಕ್ಟೋಬರ್ 1969ರಲ್ಲಿ ಲಂಡನ್ನಿನ ಸ್ಟುಡಿಯೊದಲ್ಲಿ ಒಂದೇ ದಿನ ಕೂತು, ವೇದಿಕೆಯಲ್ಲಿ ನುಡಿಸುವ ಹಾಗೇ ನುಡಿಸಿ ಧ್ವನಿಮುದ್ರಣ ಮುಗಿಸಿದ ಸಂಗತಿ ಮಾತ್ರ ಉಳಿಸಿಕೊಳ್ಳಿ. ಆ ಮಳೆ, ಗಂಟೆ ಆಮೇಲೆ ಸೇರಿಸಿದ್ದು ಅನ್ನುವುದನ್ನೂ ಜೊತೆಗೆ ಬರೆಯಿರಿ. ಒಂಬತ್ತು ಜನರ ನೆನಪಿನಲ್ಲಿ ಮೊದಲು ಉಳಿದದ್ದು ತಂಡ ನುಡಿಸದ ಸದ್ದು ಅಂದರೆ ಅದು ಯೋಚಿಸಬೇಕಾದ ವಿಷಯ ಅಲ್ವಾ?

ಇಪ್ಪತ್ತಮೂರು ಜನ ಬೇಡ. ಪಿಟೀಲಿನ ಹುಡುಗಿ, ಪೀಣ್ಯದ ಹಿರಿಯರು, ನ್ಯೂಜೆರ್ಸಿಯ ಮಾವ, ಜೊತೆಗೆ ನೀವು. ನಾಲ್ಕೇ ಜನ ಸಾಕು. ಪೀಣ್ಯದವರಿಗೆ ಒಂದು ಭಾನುವಾರ ಬಿಡುವು ಮಾಡಿಕೊಳ್ಳಲು ಹೇಳಿ, ಒಳ್ಳೆಯ ಸ್ಪೀಕರ್ ತೆಗೆದುಕೊಂಡು ಹೋಗಿ, 38 ನಿಮಿಷವನ್ನೂ ಕೇಳಿಸಿ. 'ವಾರ್ನಿಂಗ್' ನಡೆಯುವಾಗ ಅವರ ಮುಖ ನೋಡಿ. ಬೇಜಾರಾಗಿ ಎದ್ದು ಕಾಫಿ ಮಾಡಲು ಹೋದರೆ ಅದನ್ನೂ ಬರೆಯಿರಿ. ಎರಡು ತಿಂಗಳು ತೆಗೆದುಕೊಳ್ಳಿ, ಕಳಿಸಿದ ದಿನವೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ