ಉತ್ತರ ಇಟಲಿಯ ವೈನ್: ಹೆಸರಿಗಿಂತ ಮೊದಲು ಕಾರಣ ಓದಿ

ನಿಮ್ಮ ಪ್ರಶ್ನೆ ಇದು: ‘ವೈನ್ ಶಿಕ್ಷಣ ಸಂಸ್ಥೆಯಾದ ಡಬ್ಲ್ಯೂಎಸ್‌ಇಟಿ ಮೂರನೇ ಹಂತದ ಪರೀಕ್ಷೆಗೆ ಓದುತ್ತಿದ್ದೇನೆ. ಫ್ರಾನ್ಸ್ ಹೇಗೋ ತಲೆಗೆ ಹತ್ತಿತು. ಉತ್ತರ ಇಟಲಿ ಮಾತ್ರ ಬಾರೊಲೊ, ಬಾರ್ಬೆರಾ, ಬಾರ್ಬರೆಸ್ಕೊ ಎಂದು ಶುರುವಾಗುತ್ತಲೇ ಕಲಸುಮೇಲೋಗರ. ಹೇಗೆ ಓದುವುದು?’

ಮೊದಲು ಪಟ್ಟಿ ಉರುಹೊಡೆಯುವುದನ್ನು ನಿಲ್ಲಿಸಿ. ಬೆಂಗಳೂರಿನ ಹೋಟೆಲೊಂದರಲ್ಲಿ ವೈನ್ ವಿಭಾಗ ನೋಡಿಕೊಳ್ಳುವ ನಾನು ಹೊಸದಾಗಿ ಸೇರುವವರಿಗೆ ಪಾಠವನ್ನೂ ಹೇಳುತ್ತೇನೆ. ಹೆಸರುಗಳನ್ನು ಬಾಯಿಪಾಠ ಮಾಡಿ ಬಂದವರು ಎರಡನೇ ಪ್ರಶ್ನೆಗೇ ತಡವರಿಸುತ್ತಾರೆ. ಪ್ರತಿ ದ್ರಾಕ್ಷಿಗೂ ಒಂದು ಹಟವೋ ಒಂದು ಕೊರತೆಯೋ ಇರುತ್ತದೆ. ಅದನ್ನು ನಿಭಾಯಿಸಲು ಆ ಊರಿನವರು ಕಂಡುಕೊಂಡ ಉಪಾಯವೇ ಅಲ್ಲಿನ ವೈನ್ ಶೈಲಿ. ಆ ಹಟವನ್ನು ಹಿಡಿದುಕೊಂಡರೆ ಉಳಿದದ್ದು ತಾನಾಗಿ ಹಿಂದೆ ಬರುತ್ತದೆ. ಮೂರನೇ ಹಂತದ ಲಿಖಿತ ಉತ್ತರಗಳಲ್ಲಿ ಕೇಳುವುದೂ ‘ಏಕೆ’ ಎಂಬುದನ್ನೇ.

ನಿಮ್ಮನ್ನು ಕಾಡಿದ ಮೂರು ಹೆಸರುಗಳನ್ನು ಮೊದಲು ಬಿಡಿಸೋಣ. ಬಾರೊಲೊ ಮತ್ತು ಬಾರ್ಬರೆಸ್ಕೊ ಪಿಯೆಮೊಂತೆ ಪ್ರಾಂತ್ಯದ ಊರುಗಳು, ಆ ಊರುಗಳ ಹೆಸರಿನ ವೈನುಗಳು. ಎರಡಕ್ಕೂ ಬಳಸುವುದು ನೆಬ್ಬಿಯೊಲೊ ದ್ರಾಕ್ಷಿ ಮಾತ್ರ. ಬಾರ್ಬೆರಾ ಊರಲ್ಲ, ಬೇರೆಯೇ ದ್ರಾಕ್ಷಿ. ನೆಬ್ಬಿಯೊಲೊ ಬೇಗ ಚಿಗುರಿ ತಡವಾಗಿ ಹಣ್ಣಾಗುವ ಹಟಮಾರಿ. ಕೊಯ್ಲು ಸಾಮಾನ್ಯವಾಗಿ ಅಕ್ಟೋಬರಿನಲ್ಲಿ. ಆದ್ದರಿಂದ ಲಾಂಗೆ ಗುಡ್ಡಗಳಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಒಳ್ಳೆಯ ಇಳಿಜಾರೆಲ್ಲ ಅದಕ್ಕೇ ಮೀಸಲು. ಮಿಕ್ಕ ಜಾಗ ಬಾರ್ಬೆರಾಗೆ, ಇನ್ನೂ ತಂಪಾದ ಮೂಲೆಗಳು ಬೇಗ ಹಣ್ಣಾಗುವ ದೊಲ್ಚೆತ್ತೊಗೆ. ಮೂರು ದ್ರಾಕ್ಷಿಗಳು ಒಂದೇ ಗುಡ್ಡವನ್ನು ಹೀಗೆ ಹಂಚಿಕೊಂಡಿವೆ.

ನೆಬ್ಬಿಯೊಲೊ ನೋಟಕ್ಕೆ ಮೋಸಗಾರ. ಲೋಟವನ್ನು ಬಿಳಿ ಕಾಗದದ ಮೇಲೆ ವಾಲಿಸಿ ನೋಡಿ: ಬಣ್ಣ ತೆಳು, ಅಂಚಿನಲ್ಲಿ ಇಟ್ಟಿಗೆಯ ಛಾಯೆ. ಮೂಗಿಗೆ ಒಣಗಿದ ಗುಲಾಬಿ, ಕೆಂಪು ಚೆರ್ರಿ, ವಯಸ್ಸಾದದ್ದಾದರೆ ಡಾಂಬರಿನ ವಾಸನೆ. ಇಷ್ಟು ತೆಳುವಾದದ್ದು ಮೃದುವಾಗಿಯೇ ಇರುತ್ತದೆ ಎಂದುಕೊಂಡು ಒಂದು ಗುಟುಕು ಕುಡಿದರೆ, ಹಸಿ ಅಡಿಕೆ ಜಗಿದವರಂತೆ ಒಸಡು ಬಿಗಿದುಕೊಳ್ಳುತ್ತದೆ. ಆ ಒಗರು ಪಳಗುವುದಕ್ಕೆ ಸಮಯ ಬೇಕು. ಅದಕ್ಕಾಗಿಯೇ ಬಾರೊಲೊವನ್ನು ಕನಿಷ್ಠ 38 ತಿಂಗಳು ಮಾಗಿಸಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿರಬೇಕು ಎಂಬ ನಿಯಮ. ಬಾರ್ಬರೆಸ್ಕೊಗೆ 26 ತಿಂಗಳು ಸಾಕು. ಕಾರಣ ಗೊತ್ತಿದ್ದರೆ ಅಂಕಿ ಮರೆಯುವುದಿಲ್ಲ.

ಯಾವ ಪೀಪಾಯಿ ಎಂಬುದರ ಮೇಲೆ ಅಲ್ಲಿ ಮನೆ ಮನೆಗಳೇ ಒಡೆದವು. ಹಳಬರದು ಕ್ರೊಯೇಷಿಯಾದ ಸ್ಲಾವೊನಿಯಾ ಓಕ್‌ನ ದೊಡ್ಡ ಪೀಪಾಯಿ, ಸಿಪ್ಪೆಯೊಂದಿಗೆ ವಾರಗಟ್ಟಲೆ ನೆನೆ. ಹೊಸಬರಿಗೆ ಬಾರಿಕ್ ಎಂಬ ಚಿಕ್ಕ ಫ್ರೆಂಚ್ ಪೀಪಾಯಿ ಬೇಕು, ನೆನೆ ಕೆಲವೇ ದಿನ ಸಾಕು. 1983ರಲ್ಲಿ ಬಾರೊಲೊ ತಯಾರಕ ಎಲಿಯೊ ಅಲ್ತಾರೆ ತಂದೆಯ ಹಳೆಯ ಪೀಪಾಯಿಗಳನ್ನು ಯಂತ್ರದ ಗರಗಸದಿಂದ ಕತ್ತರಿಸಿ ಹಾಕಿದರು. ತಂದೆ ಮಗನಿಗೆ ಆಸ್ತಿಯನ್ನೇ ಕೊಡಲಿಲ್ಲ. ಇನ್ನೊಂದು ಕಡೆ ಹಳಬರ ಪಕ್ಷದ ಬಾರ್ತೊಲೊ ಮಾಸ್ಕರೆಲ್ಲೊ ‘ಬಾರಿಕ್ ಬೇಡ, ಬೆರ್ಲುಸ್ಕೊನಿ (ಇಟಲಿಯ ರಾಜಕಾರಣಿ) ಬೇಡ’ ಎಂದು ಬಾಟಲಿಯ ಲೇಬಲಿನ ಮೇಲೇ ಬರೆದರು. ಈಗ ಜಗಳ ತಣ್ಣಗಾಗಿದೆ, ಎರಡೂ ಪಕ್ಷದವರು ನಡುವಿನಲ್ಲೆಲ್ಲೋ ಬಂದು ನಿಂತಿದ್ದಾರೆ. ನನ್ನ ಮತ ಕೇಳಿದರೆ ದೊಡ್ಡ ಪೀಪಾಯಿಗೇ. ಗುಲಾಬಿಯ ಪರಿಮಳವಿರುವ ದ್ರಾಕ್ಷಿಗೆ ಚಿಕ್ಕ ಪೀಪಾಯಿಯ ವೆನಿಲ್ಲಾ ಲೇಪಿಸುವುದು ನನಗೆ ಒಗ್ಗುವುದಿಲ್ಲ.

ಇದೇ ನೆಬ್ಬಿಯೊಲೊ ಗತ್ತಿನಾರಾ ಕಡೆ ಸ್ಪಾನ್ನಾ ಆಗುತ್ತದೆ, ಲೊಂಬಾರ್ದಿಯಾದ ವಾಲ್ತೆಲ್ಲಿನಾದಲ್ಲಿ ಕ್ಯಾವೆನ್ನಾಸ್ಕಾ. ವಾಲ್ತೆಲ್ಲಿನಾ ಕಣಿವೆ ಪೂರ್ವ–ಪಶ್ಚಿಮವಾಗಿ ಚಾಚಿದೆ. ಆದ್ದರಿಂದ ಉತ್ತರದ ದಂಡೆಯ ಗೋಡೆ ಪೂರ್ತಿ ಬಿಸಿಲಿಗೆ ಮುಖ. ಆಲ್ಪ್ಸ್‌ನ ಅಷ್ಟು ಒಳಗೂ ಈ ತಡವಾದ ದ್ರಾಕ್ಷಿ ಹಣ್ಣಾಗುವುದು ಅದೊಂದೇ ಪುಣ್ಯದಿಂದ.

ಈಗ ಪೂರ್ವಕ್ಕೆ ಬನ್ನಿ, ವೆರೋನಾ ಬಳಿಯ ವಾಲ್ಪೊಲಿಚೆಲ್ಲಾಗೆ. ಅಲ್ಲಿನ ಮುಖ್ಯ ದ್ರಾಕ್ಷಿ ಕೊರ್ವಿನಾ. ಇದರ ಸಮಸ್ಯೆ ತದ್ವಿರುದ್ಧ: ಹುಳಿ ಚೆರ್ರಿಯ ಚೆಂದದ ರುಚಿ ಇದೆ, ಒಗರೂ ಮೈಯೂ (ಬಾಯಲ್ಲಿ ತುಂಬುವ ತೂಕ) ಕಡಿಮೆ. ಆದರೆ ಸಿಪ್ಪೆ ದಪ್ಪ, ಕೊಳೆಯದೆ ಒಣಗಬಲ್ಲದು. ಹಾಗಾಗಿ ಅಲ್ಲಿಯವರು ಹಣ್ಣನ್ನು ಒಣಗಿಸಿದರು. ಆಯ್ದ ಗೊಂಚಲುಗಳನ್ನು ಗಾಳಿಯಾಡುವ ಅಟ್ಟಗಳಲ್ಲಿ ಬಿದಿರಿನ ತಟ್ಟೆಗಳ ಮೇಲೋ ಕ್ರೇಟುಗಳಲ್ಲೋ ಒಂದರ ಮೇಲೊಂದು ಬೀಳದಂತೆ ಹರಡುತ್ತಾರೆ. ಸುಮಾರು ಮೂರರಿಂದ ನಾಲ್ಕು ತಿಂಗಳಲ್ಲಿ ತೂಕದ ಮೂರನೇ ಒಂದು ಭಾಗದಷ್ಟು ನೀರು ಆರಿಹೋಗುತ್ತದೆ. ಆ ದಿನಗಳಲ್ಲಿ ತೇವದ ಗಾಳಿ ಬೀಸಿದರೆ ಬೂಷ್ಟಿನ ಭಯ; ಅದಕ್ಕೇ ಈಗ ಅಟ್ಟಗಳಲ್ಲಿ ದೊಡ್ಡ ಫ್ಯಾನುಗಳು. ನಡು ಚಳಿಗಾಲದಲ್ಲಿ ಹಿಂಡಿದಾಗ ರಸ ಸಕ್ಕರೆಯಿಂದ ಗಟ್ಟಿಯಾಗಿರುತ್ತದೆ, ಚಳಿಗೆ ಹುದುಗುವಿಕೆ ಬಹಳ ನಿಧಾನ. ಸಕ್ಕರೆ ಉಳಿದಿರುವಾಗಲೇ ನಿಂತರೆ ಸಿಹಿಯಾದ ರೆಚೊತೊ. ಸಕ್ಕರೆ ಪೂರ್ತಿ ಮುಗಿಯುವವರೆಗೆ ಹೋದರೆ ಅಮರೊನೆ, ಮದ್ಯಾಂಶ ಅನೇಕ ವೇಳೆ ಶೇ 15 ದಾಟಿರುತ್ತದೆ. ಉಳಿದ ಸಿಪ್ಪೆಯನ್ನೂ ಎಸೆಯುವುದಿಲ್ಲ: ಅದರ ಮೇಲೆ ಸಾಮಾನ್ಯ ವಾಲ್ಪೊಲಿಚೆಲ್ಲಾ ಸುರಿದು ಮತ್ತೊಮ್ಮೆ ಹುದುಗಿಸಿದರೆ ರಿಪಾಸ್ಸೊ. ನಾಲ್ಕು ವೈನ್, ಒಂದೇ ಅಟ್ಟದ ಲೆಕ್ಕ.

ಗುಳ್ಳೆಯೇಳುವ ವೈನ್ ಪ್ರೊಸೆಕ್ಕೊಗೂ ಇದೇ ತರ್ಕ. ಗ್ಲೆರಾ ದ್ರಾಕ್ಷಿಯ ಆಸ್ತಿಯೆಂದರೆ ಪೇರು, ಸೇಬಿನ ನವಿರಾದ ಪರಿಮಳ. ಬಾಟಲಿಯೊಳಗೆ ಯೀಸ್ಟ್‌ನೊಂದಿಗೆ ವರ್ಷಗಟ್ಟಲೆ ಇಟ್ಟರೆ ಅದು ಸತ್ತೇಹೋಗುತ್ತದೆ. ಆದ್ದರಿಂದ ಗುಳ್ಳೆ ಹುಟ್ಟಿಸುವ ಎರಡನೇ ಹುದುಗುವಿಕೆ ಒತ್ತಡದ ಟ್ಯಾಂಕಿನಲ್ಲಿ, ಬೇಗ. ಪಿಯೆಮೊಂತೆಯ ಆಸ್ತಿ ಎಂಬ ಊರಿನ ಫೆದೆರಿಕೊ ಮಾರ್ತಿನೊತ್ತಿ 1895ರಲ್ಲೇ ಈ ವಿಧಾನಕ್ಕೆ ಪೇಟೆಂಟ್ ಪಡೆದಿದ್ದರು. ಲೊಂಬಾರ್ದಿಯಾದ ಫ್ರಾನ್ಚಾಕೊರ್ತಾದಲ್ಲಿ ಗುಳ್ಳೆ ವೈನಿಗೆ ಶಾರ್ಡನೆ, ಪಿನೊ ನೊಯಿರ್ ದ್ರಾಕ್ಷಿ. ಅವು ಯೀಸ್ಟಿನ ಬ್ರೆಡ್ ರುಚಿಯನ್ನು ಹೊರಬಲ್ಲವು, ಹಾಗಾಗಿ ಬಾಟಲಿಯಲ್ಲೇ ಕನಿಷ್ಠ 18 ತಿಂಗಳು.

ಸ್ಲೊವೇನಿಯಾ ಗಡಿಯ ಒಸ್ಲಾವಿಯಾದಲ್ಲಿ ರಿಬೊಲ್ಲಾ ಜಾಲ್ಲಾ ಎಂಬ ಬಿಳಿ ದ್ರಾಕ್ಷಿ ಇದೆ: ದಪ್ಪ ಸಿಪ್ಪೆ, ಹುಳಿ ಜಾಸ್ತಿ, ಪರಿಮಳ ಸಪ್ಪೆ. ಅಲ್ಲಿನ ವೈನ್ ತಯಾರಕ ಯೊಸ್ಕೊ ಗ್ರಾವ್ನರ್ 2001ರಿಂದ, ಜಾರ್ಜಿಯಾದಿಂದ ತಂದು ನೆಲದಲ್ಲಿ ಹೂತ ಮಣ್ಣಿನ ಹಂಡೆಗಳಲ್ಲಿ ಅದನ್ನು ಸಿಪ್ಪೆಸಮೇತ ತಿಂಗಳುಗಟ್ಟಲೆ ಬಿಡುತ್ತಾರೆ. ಬಿಳಿ ದ್ರಾಕ್ಷಿಯಿಂದ ಜೇನು ಬಣ್ಣದ, ಒಗರಿರುವ ವೈನ್ ಬರುತ್ತದೆ. ಎಲ್ಲರಿಗೂ ಹಿಡಿಸುವುದಿಲ್ಲ, ನನಗೆ ಹಿಡಿಸುತ್ತದೆ.

ಬಿಳಿ ವೈನ್ ಪಿನೊ ಗ್ರಿಜೊಗೆ ಓದಿನಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಕೊಡಬೇಡಿ. ವೆರೋನಾ ಬಳಿಯ ಸೊಆವೆಯಲ್ಲಿ ಬಯಲಿನ ಅಗ್ಗದ ವೈನಿಗೂ ಗುಡ್ಡದ ಕ್ಲಾಸಿಕೊಗೂ ಇರುವ ವ್ಯತ್ಯಾಸ ಕಲಿತರೆ ಸಾಕು. ಆಲ್ತೊ ಆದಿಜೆ ಮೊದಲನೇ ಮಹಾಯುದ್ಧದವರೆಗೆ ಆಸ್ಟ್ರಿಯಾದ ಕೈಯಲ್ಲಿತ್ತು. ಲೇಬಲಿನಲ್ಲಿ ಜರ್ಮನ್ ಕಂಡರೆ ಗಾಬರಿ ಬೇಡ.

ನಮ್ಮ ಬೆಂಗಳೂರು ಬ್ಲೂ ಎಂಬ ಕಪ್ಪು ದ್ರಾಕ್ಷಿ ಅಮೆರಿಕ ಮೂಲದ ಇಸಬೆಲ್ಲಾ ತಳಿಯದು ಎನ್ನುತ್ತಾರೆ. ಅದೇ ಇಸಬೆಲ್ಲಾ ವೆನೆತೊ, ಫ್ರಿಯುಲಿ ಹಿತ್ತಲುಗಳಲ್ಲೂ ಇದೆ. ಮನೆಯವರು ಅದರಿಂದ ಫ್ರಾಗೊಲಿನೊ ಮಾಡಿಕೊಳ್ಳುತ್ತಾರೆ, ಆದರೆ ಯುರೋಪಿನ ಕಾನೂನಿನಂತೆ ಅದನ್ನು ವೈನ್ ಎಂದು ಮಾರುವಂತಿಲ್ಲ. ಪರೀಕ್ಷೆಗೆ ಬರುವುದಿಲ್ಲ, ಆದರೂ ಮೂಗು ಪಳಗಿಸಲು ಋತುವಿನಲ್ಲಿ ಒಂದು ಗೊಂಚಲು ತಂದು ಆ ಸ್ಟ್ರಾಬೆರಿ ಮಿಠಾಯಿಯಂಥ ವಾಸನೆಯನ್ನು ಗುರುತಿಟ್ಟುಕೊಳ್ಳಿ.

ರುಚಿಯ ಅಭ್ಯಾಸಕ್ಕೆ ಬಾರೊಲೊ ಕೊಳ್ಳಲು ಹೋಗಬೇಡಿ. ಆಮದು ಸುಂಕ ಸೇರಿದ ಬೆಲೆಗೆ ಎದೆ ಒಡೆಯುತ್ತದೆ. ನಾಲ್ಕೈದು ಜನ ಸೇರಿ ಒಂದು ಲಾಂಗೆ ನೆಬ್ಬಿಯೊಲೊ, ಒಂದು ಬಾರ್ಬೆರಾ ದಾಸ್ತಿ (ಆಸ್ತಿ ಊರಿನ ಬಾರ್ಬೆರಾ) ತನ್ನಿ. ಎರಡರಲ್ಲೂ ಹುಳಿ ಜೋರು. ಒಂದು ತೆಳು ಬಣ್ಣದ್ದು, ಬಾಯಿ ಬಿಗಿಯುತ್ತದೆ, ಇನ್ನೊಂದು ಗಾಢ ಬಣ್ಣದ್ದು, ಒಗರಿಲ್ಲದೆ ಜಾರುತ್ತದೆ. ಆಮೇಲೆ ಸಾದಾ ವಾಲ್ಪೊಲಿಚೆಲ್ಲಾ ಪಕ್ಕ ರಿಪಾಸ್ಸೊ ಇಟ್ಟು ಕುಡಿಯಿರಿ. ಟಿಪ್ಪಣಿ ಬರೆಯುವಾಗ ದ್ರಾಕ್ಷಿಯ ಹೆಸರಿನ ಮುಂದೆ ಅದರ ಹಟವನ್ನು ಒಂದು ಸಾಲಿನಲ್ಲಿ ಬರೆಯಿರಿ, ಮದ್ಯಾಂಶ ಮತ್ತು ತಿಂಗಳ ಲೆಕ್ಕ ಅದರ ಕೆಳಗೆ.