ಧಾರವಾಡ ಶಾಖೆಯ ವಿಸೆಂಟರ್ (ವಿಎಂವೇರ್‌ನ ವರ್ಚುವಲ್ ಮಷಿನ್‌ಗಳನ್ನು, ಅಂದರೆ ವಿಎಂಗಳನ್ನು, ನಿರ್ವಹಿಸುವ ಸಾಫ್ಟ್‌ವೇರ್) ನೋಡಲು ಜ್ಯಾಬಿಕ್ಸ್ ಪ್ರಾಕ್ಸಿ (ನಿಗಾ ಡೇಟಾ ಸಂಗ್ರಹಿಸಿ ಮುಖ್ಯ ಜ್ಯಾಬಿಕ್ಸ್ ಸರ್ವರ್‌ಗೆ ಕಳಿಸುವ ಮಧ್ಯವರ್ತಿ) ಹಾಕಿದ್ದೇವೆ. ಹುಬ್ಬಳ್ಳಿಯ ಸರ್ವರ್‌ಗೆ ಪ್ರಾಕ್ಸಿ ಕಾಣುತ್ತದೆ, ವಿಎಂಗಳ ಡೇಟಾ ಮಾತ್ರ ಬರುತ್ತಿಲ್ಲ. ಯಾಕೆ?

ಮೊದಲು ಪ್ರಾಕ್ಸಿಯ ಕಾನ್ಫಿಗ್ ಫೈಲ್ ತೆಗೆಯಿರಿ. ಅಲ್ಲಿ ‘ಸ್ಟಾರ್ಟ್‌ವಿಎಂವೇರ್‌ಕಲೆಕ್ಟರ್ಸ್’ (ವಿಎಂವೇರ್ ಡೇಟಾ ತರುವ ಪ್ರೊಸೆಸ್‌ಗಳ ಸಂಖ್ಯೆ) ಡೀಫಾಲ್ಟ್ ಆಗಿ 0 ಇರುತ್ತದೆ. ಹುಬ್ಬಳ್ಳಿಯ ಸರ್ವರ್‌ನಲ್ಲಿ ಬದಲಿಸಿ ಕುಳಿತರೆ ಉಪಯೋಗವಿಲ್ಲ. ವಿಸೆಂಟರ್ ಜೊತೆ ಮಾತಾಡುವುದು ಪ್ರಾಕ್ಸಿ. ಅಲ್ಲೇ 2 ಮಾಡಿ, ರೀಸ್ಟಾರ್ಟ್ ಕೊಡಿ. ವಿಎಂಗಳು ನೂರಾರು ಇದ್ದರೆ ಆ ಡೇಟಾ ಇಡುವ ಮೆಮೊರಿಯ ಗಾತ್ರ ‘ವಿಎಂವೇರ್‌ಕ್ಯಾಶ್‌ಸೈಜ್’ ಅನ್ನೂ 8 ಎಂಬಿಯಿಂದ 64ಕ್ಕೆ ಏರಿಸಿ.

ವಿಸೆಂಟರ್‌ಗೆ ಲಾಗಿನ್ ಆಗಲು ಪ್ರಾಕ್ಸಿ ಬಳಸುವ ಯೂಸರ್‌ಗೆ ರೀಡ್-ಓನ್ಲಿ (ನೋಡಲು ಮಾತ್ರ) ರೋಲ್ ಸಾಕು (ಅಡ್ಮಿನ್ ಪಾಸ್‌ವರ್ಡ್ ಕೊಡಲೇಬೇಡಿ). ಆದರೆ ಅದನ್ನು ವಿಸೆಂಟರ್‌ನ ಮೇಲ್ತುದಿಯಲ್ಲೇ ಕೊಟ್ಟು, ‘ಪ್ರಾಪಗೇಟ್’ (ಕೆಳಗಿನ ಎಲ್ಲಕ್ಕೂ ಅನ್ವಯಿಸು) ಟಿಕ್ ಮಾಡಬೇಕು. ಇಲ್ಲವಾದರೆ ಲಾಗಿನ್ ಆಗುತ್ತದೆ, ಪಟ್ಟಿ ಮಾತ್ರ ಖಾಲಿ!

ಪ್ರಾಕ್ಸಿಯಿಂದ ವಿಸೆಂಟರ್‌ಗೆ 443, ಆಕ್ಟಿವ್ ಮೋಡ್‌ನಲ್ಲಿ (ಪ್ರಾಕ್ಸಿಯೇ ಸರ್ವರ್ ಅನ್ನು ಸಂಪರ್ಕಿಸುವಾಗ) ಸರ್ವರ್‌ಗೆ 10051 ಪೋರ್ಟ್ ತೆರೆದಿರಲಿ. ಸರ್ವರ್ ಜೊತೆಗಿನ ಲಿಂಕ್ ಹೋದಾಗ ಪ್ರಾಕ್ಸಿ ಡೀಫಾಲ್ಟ್ ಆಗಿ 1 ಗಂಟೆಯ ಡೇಟಾ ಮಾತ್ರ ಉಳಿಸುತ್ತದೆ. ಆ ಅವಧಿಯ ಸೆಟ್ಟಿಂಗ್ ‘ಪ್ರಾಕ್ಸಿಆಫ್‌ಲೈನ್‌ಬಫರ್’ ಅನ್ನು 24 (ಗಂಟೆ) ಮಾಡಿ.